ಕೊಡ ಕೂರುವ ಎಲುಬು

ಇವತ್ತು ಬೆಳಿಗ್ಗೆ ಚಹಾಕ್ಕೆ ಇಟ್ಟು, ಅಂಗಳಕ್ಕೆ ನೀರು ಚಿಮುಕಿಸಿ, ನಳದಡಿ ತುಂಬಿದ ಕೊಡವನ್ನು ಎಡಸೊಂಟಕ್ಕೆ ಏರಿಸಿದೆ. ಹಿತ್ತಾಳೆಯ ತಂಪು ಎಲುಬಿನ ಅಂಚಿಗೆ ತಾಗಿದ್ದೇ ತಡ, ಬಾಯಿಂದ ತಾನಾಗಿ ಬಂತು: ‘ಇಲಿಯಾಕ್ ಕ್ರೆಸ್ಟ್!’ ನಗಬೇಡಿ. ಓದಿದ್ದೆಲ್ಲ ಮರೆತ ನನಗೆ ಇದೊಂದು ಪಾಠ ಮಾತ್ರ ಮರೆತಿಲ್ಲ.

ಎಂಬತ್ತರ ದಶಕ, ಸಂಶಿ ಊರಿನ ಮನೆಗೆ ನಾನು ಹೊಸ ಸೊಸೆ. ನಾದಿನಿ ಸುಮಂಗಲಾ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಅನಾಟಮಿಯಲ್ಲಿ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಓದು ಬಿಡಿಸಿ ಮದುವೆ ಎಂದು ಮಾವನವರು ಹೇಳಿಬಿಟ್ಟಿದ್ದರು. ಓದಲೆಂದು ಅವಳು ಚೀಲದಲ್ಲಿ ಸೊಂಟದ ಎಲುಬು ತಂದರೆ ಅತ್ತೆ ಹೊಸ್ತಿಲಲ್ಲೇ ತಡೆದರು.

“ಸತ್ತವರ ಎಲುಬು ಒಳಗ ಬ್ಯಾಡವಾ. ಒಳಗ ಜಗಲಿ ಮ್ಯಾಲ ದೇವರು ಅದಾನ.”

ಜೊತೆಗೆ ಬಂದಿದ್ದ ಗೆಳತಿ ಅದನ್ನು ಹಾಗೇ ವಾಪಸು ಒಯ್ದಳು. ಉಳಿದದ್ದು ಪುಸ್ತಕ, ಮತ್ತೆ ನಮ್ಮ ನಮ್ಮ ಸೊಂಟ. ಕಾನ್ವೆಂಟಿನ ಇಂಗ್ಲಿಷಿನ ಹೆಮ್ಮೆಯಲ್ಲಿ ನಾನು, ಏನೂ ತಿಳಿಯದೆ, ಪದ್ಯದಂತೆ ಓದುತ್ತಿದ್ದೆ; ಅವಳು ಮೈಮೇಲೇ ಹುಡುಕುತ್ತಿದ್ದಳು. ಕೊಡ ಕೂರುವ ಅಂಚು ಇಲಿಯಾಕ್ ಕ್ರೆಸ್ಟ್. ಹೊಟ್ಟೆಯ ಪಕ್ಕದ ಸ್ನಾಯುಗಳು ಅದಕ್ಕೇ ಅಂಟಿವೆ. ಆ ಅಂಚು ಮುಂದೆ ಬಂದು, ಸೀರೆಯ ನೆರಿಗೆಯ ಬಾಜು ಮೊನೆಯಾಗಿ ಕೈಗೆ ಸಿಗುತ್ತದೆ. ಚಕ್ಕಳಮಕ್ಕಳ ಹಾಕಲು ಕಾಲು ಮಡಿಸುವ ಸಾರ್ಟೋರಿಯಸ್ ಸ್ನಾಯು ಹೊರಡುವುದು ಅಲ್ಲಿಂದ. ರೊಟ್ಟಿ ಬಡಿಯಲು ಕೂತಾಗ ನೆಲಕ್ಕೊತ್ತುವ ಗಂಟಿನಿಂದ ತೊಡೆಯ ಹಿಂದಿನ ಸ್ನಾಯುಗಳು.

ಕೇಳುತ್ತ ಕೂತಿದ್ದ ಅತ್ತೆ ಒಂದು ದಿನ ಮೆಲ್ಲಗೆ ತಮ್ಮ ಸೊಂಟ ಒತ್ತಿ ನೋಡಿಕೊಂಡರು. “ಅಯ್ಯ, ನನಗೂ ಐತಲ್ಲಬೇ ಇದು! ಹಂಗಾರ ಎಲುಬು ಮೊದಲ ಮನ್ಯಾಗ ಇತ್ತು.”

“ಹೌದಬೇ ಯವ್ವಾ, ದೇವರ ಮುಂದ ದಿನಾ ಅದರ ಮ್ಯಾಲ ಕುಂದರ್ತೀ,” ಎಂದಳು ಮಗಳು.

ಪರೀಕ್ಷೆ ಮುಗಿಸಿ ಬಂದ ಸುಮಂಗಲಾ ಚೀಲ ಕೂಡ ಇಳಿಸದೆ ನನಗೆ ಹೇಳತೊಡಗಿದಳು. “ಪರೀಕ್ಷಾದಾಗ ಎಲುಬು ಕೈಗೆ ಕೊಟ್ಟು, ಯಾವ ಬಾಜೂದು ಅಂತ ಕೇಳಿದ್ರು, ವೈನಿ. ಕೊಡದ ರೂಢಿ ನೋಡ್ರಿ, ಎಡಸೊಂಟಕ್ಕ ಇಟ್ಟಬಿಟ್ಟೆ.”

ಬಲಗೈ ಕೆಲಸಕ್ಕೆ ಖಾಲಿ ಇರಲೆಂದು ನಮ್ಮ ಹೆಣ್ಣುಮಕ್ಕಳು ಕೊಡ ಹೊರುವುದು ಎಡಕ್ಕೇ. ನಾವು ಓದಿದ್ದೂ ಎಡಸೊಂಟವನ್ನೇ.

“ಆಮ್ಯಾಲ?”

“ನೆರಿಗಿ ಬಾಜೂದ ಮೊನಿ ಬೆನ್ನ ಕಡೆ ಹೋತು! ಹಿಂದ ನೆರಿಗಿ ಬಿಟ್ಟು ಸೀರಿ ಉಡಾಕಿ ಯಾರದಾಳ? ತಗದು ಬಲಕ್ಕ ಹಿಡದೆ, ಮೊನಿ ಮುಂದ ಬಂತು.”

ಪಾಸಾದಳು. ಮಾವನವರು ಮದುವೆಯ ಮಾತು ಮತ್ತೆ ಎತ್ತಲಿಲ್ಲ.

ಇವತ್ತು ಸಂಜೆ ಇನ್ನೊಮ್ಮೆ ನೀರು ಬಂದಾಗ, ಏನನ್ನಿಸಿತೋ, ಕೊಡವನ್ನು ಬಲಕ್ಕೆ ಏರಿಸಿದೆ. ಇಷ್ಟು ವರ್ಷ ನನ್ನಲ್ಲೇ ಇದ್ದ ಬಲಗಡೆಯ ಅಂಚಿನ ಗುರುತೇ ನನಗಿರಲಿಲ್ಲ. ನೀರು ತುಳುಕಿ ಸೀರೆ ತೋಯಿತು. ಬಾಜೂಮನೆಯ ರೇಷ್ಮಾಬಿ ಕಟ್ಟೆಯ ಮೇಲಿಂದಲೇ ನಕ್ಕಳು:

“ಯಾಕ್ರೀ ಅಕ್ಕಾರ, ಈ ವಯಸ್ಸಿನ್ಯಾಗ ಹೊಸದಾಗಿ ಕೊಡ ಹೊರೂದು ಕಲ್ಯಾಕ ಹತ್ತೀರೇನ್ರಿ?”