ಬಿಜಲಿಗೆ ಬೇಸರವಾಗಬಾರದು

ನನ್ನಪ್ಪ ಕುದುರೆಯ ಲಾಯಕ್ಕೆ ಹೋಗುವಾಗ ಹತ್ತು ಹೆಜ್ಜೆ ದೂರದಲ್ಲೇ ಕೆಮ್ಮುತ್ತಿದ್ದ. ಕೆಮ್ಮಿ, ನಿಂತು, "ಬಂದೆವ್ವಾ, ನಾನಾ ಅದೀನಿ" ಎಂದು ಮೆತ್ತಗೆ ಹೇಳಿ, ಒಳಗಿನಿಂದ ಮೂಗು ಫುರ್ರೆನ್ನಿಸಿದ ಸದ್ದು ಬಂದ ಮೇಲಷ್ಟೇ ಬಾಗಿಲ ಅಡ್ಡಗೋಲು ಸರಿಸುತ್ತಿದ್ದ. ಮನೆಗೆ ಬರುವಾಗ ಬಾಗಿಲನ್ನು ಕಾಲಿನಿಂದ ಒದೆಯುತ್ತಿದ್ದ. ಲಾಯಕ್ಕೂ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಹಾಗಾಗಿ ಆ ಕೆಮ್ಮು, ಈ ಒದೆತ ಎರಡೂ ನಮಗೆ ಚೆನ್ನಾಗಿ ಕೇಳಿಸುತ್ತಿದ್ದವು.

ಹೆಸರು ಹನುಮಪ್ಪ. ಕುಕನೂರಿನಿಂದ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಗೌಡರ ವಾಡೆಯ ಕುದುರೆ ನೋಡಿಕೊಳ್ಳುತ್ತಿದ್ದ. ಅದು ನಿಜಾಮನ ಕಾಲ. ಗೌಡರು ಯಲಬುರ್ಗಿಯ ಕಚೇರಿಗೆ, ಕುಷ್ಟಗಿಯ ಬೀಗರ ಮನೆಗೆ ಎಲ್ಲಿಗೆ ಹೋದರೂ ಬಿಜಲಿ ಎಂಬ ತಮ್ಮ ಕೆಂಪು ಹೆಣ್ಣುಕುದುರೆಯ ಮೇಲೇ ಹೋಗುತ್ತಿದ್ದರು. ನಮ್ಮ ಮನೆ ಎನ್ನುವುದು ಆ ಲಾಯಕ್ಕೆ ಆನಿಸಿ ಕಟ್ಟಿದ ಒಂದು ಕೋಣೆ. ಅಪ್ಪನ ಕೆಲಸ ಹೋದರೆ ಆ ಕೋಣೆಯೂ ಹೋಗುತ್ತಿತ್ತು.

"ಕುದರಿಗೆ ಸುಳ್ಳ ಹೇಳಬಾರದು. ಮನಷ್ಯಾಗ ಹೇಳಿದ್ರ ನಡಿತೈತಿ, ಮರೀತಾನ" ಎನ್ನುವುದು ಅವನ ಮಾತು. ಮಾತಿನಂತೆ ನಡೆಯುತ್ತಿದ್ದ ಕೂಡ. ಒಮ್ಮೆ ಬಿಜಲಿಗೆ ಬೆಲ್ಲ ತರುತ್ತೇನೆಂದು ಹೇಳಿಹೋದವನು ಮರೆತು ಊರಬಾಗಿಲವರೆಗೆ ಬಂದಿದ್ದ. ಅಲ್ಲಿಂದ ಸುಡುವ ಬಿಸಿಲಲ್ಲಿ ಕುಕನೂರಿಗೆ ತಿರುಗಿ ನಡೆದು, ಒಂದು ಹೆಂಟೆ ಬೆಲ್ಲ ಕಟ್ಟಿಸಿಕೊಂಡು ಬಂದ. ನನ್ನ ಮದುವೆಗೆ ಹಸಿರು ಬಳೆ ತರುತ್ತೇನೆಂದು ಅದೇ ಬಾಯಿಂದ ಹೇಳಿದ್ದ. ನಾನು ಬರಿಗೈಯಲ್ಲಿ ಹಸೆಗೆ ಕೂರುವ ಹೊತ್ತಿಗೆ ಪಕ್ಕದ ಮನೆಯವಳೊಬ್ಬಳು ತನ್ನ ಕೈಯ ಬಳೆ ಬಿಚ್ಚಿ ತೊಡಿಸಿದಳು. ಮನೆಗೆ ಮಾರಿ, ಪರರಿಗೆ ಉಪಕಾರಿ ಎನ್ನುತ್ತಾರಲ್ಲ, ಅಪ್ಪನಿಗೆ ಆ ಪರರು ಕೂಡ ಬೇಕಾಗಿರಲಿಲ್ಲ. ಕುದುರೆ ಇದ್ದರೆ ಸಾಕಿತ್ತು.

ಒಂದು ಬೇಸಿಗೆಯ ಕೊನೆಗೆ ಬಿಜಲಿ ಕುಷ್ಟಗಿಯ ದಾರಿಯಲ್ಲಿ ಕಲ್ಲು ಜಾರಿ ಮುಂಗಾಲಿನ ನರ ಉಳುಕಿಸಿಕೊಂಡಿತು. ಕಾಲು ಕುಂಬಳಕಾಯಿಯಂತೆ ಊದಿತು. ಕೊಪ್ಪಳದಿಂದ ಕುದುರೆ ವೈದ್ಯರು ಬಂದರು. ಅವರನ್ನು ಎಲ್ಲರೂ ಸಲೋತ್ರಿ ಸಾಹೇಬರು ಎನ್ನುತ್ತಿದ್ದರು. ಕಾಲು ಹಿಡಿದು, ಒತ್ತಿ, ಎಣ್ಣೆ ಹಚ್ಚಿ ಪಟ್ಟಿ ಸುತ್ತಿ ಅಪ್ಪನಿಗೆ ಹೇಳಿದರು:

"ಎರಡು ತಿಂಗಳು ಲಾಯ ಬಿಟ್ಟು ಹೊರಗ ಕಾಲಿಡಬಾರದು. ಕಾಲಿಗೆ ನನ್ನ ದವಾ ಐತಿ. ದಿಲ್ ನೀ ನೋಡಕೋಬೇಕು ಹನುಮಪ್ಪ. ಓಡೋ ಜೀವ ನಿಂತು ನಿಂತು ಬ್ಯಾಸರಾತಂದ್ರ ಗ್ವಾಡಿ ಒದಿತೈತಿ. ಒದೀತು, ಖತಂ."

ಗೌಡರು ಮೀಸೆ ಸವರಿಕೊಂಡು ನಿಂತಿದ್ದರು. "ಶ್ರಾವಣದಾಗ ಮಗನ ಮದುವಿ ಐತಿ ಹನುಮ್ಯಾ. ಮದುಮಗ ಇದರ ಮ್ಯಾಲ ಕುಂತು ಬರಬೇಕು. ಇದು ನೆಟ್ಟಗ ಆಗಲಿಲ್ಲಂದ್ರ ನೀ ಗಂಟುಮೂಟಿ ಕಟ್ಟು" ಎಂದರು.

"ಆಗಲ್ರಿ ಧಣ್ಯಾರ" ಎಂದ ಅಪ್ಪ.

ಅದೇ ವಾರ ನನ್ನನ್ನೂ ಯಾರೋ ಬಂಡಿಯಲ್ಲಿ ತಂದು ಬಾಗಿಲಲ್ಲಿ ಇಳಿಸಿ ಹೋದರು. ನನಗಾಗ ಹದಿನೆಂಟು. ಗಂಗಾವತಿಯ ಕಡೆ ಕೊಟ್ಟಿದ್ದರು. ಗಂಡ ಒನಕೆಯಿಂದ ಹೊಡೆದು ಎಡಗಾಲಿನ ಎಲುಬು ಮುರಿದಿದ್ದ. ಯಾಕೆ ಹೊಡೆದ ಎಂಬುದನ್ನು ಬರೆದು ಅವನಿಗೆ ಮರ್ಯಾದೆ ಕೊಡಲು ನಾನು ತಯಾರಿಲ್ಲ. ಅಪ್ಪ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಕಾಲನ್ನು ಮೇಲಿಂದ ಕೆಳಗೆ ಒತ್ತಿ ನೋಡಿದ. ನಾನು ಚೀರಿದೆ. "ಕೂಡತೈತಿ" ಎಂದ. ಆಮೇಲೆ ಏಳುತ್ತಾ, "ಹೊಡಿಯಾಕೂ ಬರಬೇಕು. ಎಲುಬಿಗೆ ಹೊಡಿತಾರೇನು ಯಾರರ?" ಎಂದ. ಅಳಿಯನ ಮೇಲೆ ಅವನು ತೋರಿದ ಸಿಟ್ಟು ಅಷ್ಟೇ. ಎಲುಬು ಕೂಡಿಸುವವನು ಬಂದು ಬಿದಿರಿನ ದಬ್ಬೆ ಕಟ್ಟಿ ಎರಡು ತಿಂಗಳು ಕಾಲೂರಬೇಡ ಎಂದು ಹೇಳಿಹೋದ.

ಹೀಗೆ ಒಂದೇ ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕುಂಟಿಯರು ಬಿದ್ದೆವು. ನೋಡಿಕೊಳ್ಳಬಲ್ಲವನು ಒಬ್ಬನೇ. ಅವನು ಆಚೆ ಇದ್ದ. ಅವ್ವ ಫಕೀರವ್ವ ಬೆಳಿಗ್ಗೆ ಗೌಡರ ಹೊಲಕ್ಕೆ ಹೋದರೆ ಹೊತ್ತು ಮುಳುಗುವಾಗ ಬರುತ್ತಿದ್ದಳು.

ಅಪ್ಪ ಆ ಎರಡು ತಿಂಗಳು ಮಾಡಿದ ಆರೈಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸುಳ್ಳೇಕೆ, ಅವನ ಕೈಗುಣಕ್ಕೆ ಈಗಲೂ ನನಗೆ ಹೆಮ್ಮೆಯಿದೆ. ಮೊದಲು ಹುರುಳಿ ನಿಲ್ಲಿಸಿದ. "ನಿಂತ ಕುದರಿಗೆ ಹುಳ್ಳಿ ಹಾಕಿದ್ರ ಮೈಯಾಗ ಬೆಂಕಿ ಏಳತೈತಿ, ಎಲ್ಲಿ ಹೋಗಬೇಕು ಅದು?" ಎನ್ನುತ್ತಿದ್ದ. ಜೋಳದ ಕಣಿಕೆಯನ್ನು ಒಮ್ಮೆಲೇ ಸುರಿಯದೆ ಬೊಗಸೆ ಬೊಗಸೆಯಾಗಿ ದಿನಕ್ಕೆ ಹತ್ತು ಸಲ ಕೊಡುತ್ತಿದ್ದ. ಒಂದು ಬೊಗಸೆ ಮೇವು ಹಾಕುವ ಗೋದಲಿಯಲ್ಲಿ, ಒಂದು ಮೂಲೆಯ ಬುಟ್ಟಿಯಲ್ಲಿ, ಇನ್ನೊಂದು ಕಂಬಕ್ಕೆ ಕಟ್ಟಿದ ಬಲೆಯಲ್ಲಿ ಇಡುತ್ತಿದ್ದ. ಕುದುರೆ ಅದನ್ನು ಹುಡುಕಿಕೊಂಡು ತಿನ್ನಬೇಕು, ಹುಡುಕುವುದರಲ್ಲಿ ಹೊತ್ತು ಹೋಗಬೇಕು. ಹಳ್ಳದ ದಂಡೆಯಿಂದ ಹಸಿ ಕರಿಕೆ ಹುಲ್ಲು ಕೊಯ್ದು ತರುತ್ತಿದ್ದ. ತೊಲೆಯಿಂದ ಒಂದು ಸೋರೆಕಾಯಿ ಇಳಿಬಿಟ್ಟಿದ್ದ. ಬಿಜಲಿ ಅದನ್ನು ಮೂತಿಯಿಂದ ತಳ್ಳುವುದು, ಅದು ತೂಗಿ ಬಂದು ಹಣೆಗೆ ಬಡಿಯುವುದು, ಇವನು ನಗುವುದು. ಅಪ್ಪ ನಗುತ್ತಾನೆಂಬುದೇ ನನಗೆ ಹೊಸ ಸುದ್ದಿಯಾಗಿತ್ತು.

ಮಧ್ಯಾಹ್ನವೆಲ್ಲ ಮೈ ಉಜ್ಜುತ್ತಾ ಅದರೊಂದಿಗೆ ಮಾತಾಡುತ್ತಿದ್ದ. ಗೋಡೆಗೆ ಕಿವಿಯಿಟ್ಟು ಮಲಗಿ ನಾನು ನನ್ನಪ್ಪನ ಕಥೆಯನ್ನೆಲ್ಲ ಕೇಳಿದೆ. ಅವನ ತಾಯಿ ಪ್ಲೇಗಿನಲ್ಲಿ ಹೋದದ್ದು, ಅವಳನ್ನು ಹೊರಲು ಯಾರೂ ಬಾರದೆ ಇವನೊಬ್ಬನೇ ಎಳೆಬಂಡಿಯಲ್ಲಿ ಒಯ್ದದ್ದು, ನನಗಿಂತ ಮುಂಚೆ ಹುಟ್ಟಿ ಸತ್ತ ಒಂದು ಗಂಡುಕೂಸಿಗೆ ಇವನು ಇಟ್ಟಿದ್ದ ಹೆಸರು. ಅವ್ವನಿಗೂ ಗೊತ್ತಿಲ್ಲದ ಸಂಗತಿಗಳನ್ನು ಅವನು ಕುದುರೆಯ ಕಿವಿಯಲ್ಲಿ ಹೇಳುತ್ತಿದ್ದ. ನನಗೆ ಆ ಕುದುರೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಇಷ್ಟಾದರೂ ಬಿಜಲಿಗೆ ಬೇಸರವೇ. ತಲೆ ತೂಗಲು ಶುರುಮಾಡಿತು. ಅಪ್ಪ ಗುದ್ದಲಿ ತಂದು ಬೀದಿಯ ಕಡೆಯ ಗೋಡೆ ಒಡೆದು ಕುದುರೆಯ ಕತ್ತು ಹೊರಬರುವಷ್ಟು ಕಿಂಡಿ ಮಾಡಿದ. ನೀರಿಗೆ ಹೋಗುವವರು, ಬಂಡಿ, ನಾಯಿ, ಎಲ್ಲವೂ ಅದಕ್ಕೆ ಕಾಣುವಂತಾಯಿತು. ನನ್ನ ಕೋಣೆಯಲ್ಲಿ ಬಾಗಿಲು ಹಾಕಿದರೆ ಹಗಲೇ ಕತ್ತಲು.

"ಯಪ್ಪಾ, ನನಗೂ ಒಂದು ಕಿಂಡಿ ಮಾಡಿಕೊಡು" ಎಂದೆ.

"ನೀ ಏನು ನೋಡಾಕಿ? ಗಂಡನ ಮನಿ ಬಿಟ್ಟು ಬಂದಾಕಿನ್ನ ಊರ ಮಂದಿ ನೋಡತಾರ" ಎಂದು ಗುದ್ದಲಿ ಎತ್ತಿಕೊಂಡು ಹೋದ.

ನನಗೆ ಇದ್ದ ಜೊತೆ ಒಂದೇ, ಅವ್ವನ ಆಡು. ನಾನು ಬಂದ ದಿನದಿಂದ ಅದು ನನ್ನ ಮಗ್ಗುಲಿಗೇ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಬೆಚ್ಚನೆಯ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿದರೆ ಕಾಲಿನ ನೋವು ಸ್ವಲ್ಪ ಮರೆಯುತ್ತಿತ್ತು. ಒಂಟಿ ಕುದುರೆಗೆ ಆಡೊಂದನ್ನು ಜೊತೆಗೆ ಕಟ್ಟುವುದು ಕುದುರೆ ಸಾಕುವವರ ಹಳೆಯ ರೂಢಿ. ಒಂದು ದಿನ ಅಪ್ಪ ಬಂದು ಅದರ ಹಗ್ಗ ಹಿಡಿದ.

"ಬಿಜಲಿಗೆ ಜೋಡಿ ಬೇಕು."

"ನನಗ ಬ್ಯಾಡೇನು?"

"ನಿನಗ ನಿಮ್ಮವ್ವ ಅದಾಳ."

ಆಡು ಹೋದ ಮೇಲೆ ಬಿಜಲಿ ನಿಜವಾಗಿ ಶಾಂತವಾಯಿತು. ಎರಡೂ ಒಂದೇ ಬುಟ್ಟಿಯಲ್ಲಿ ತಿನ್ನುತ್ತಿದ್ದವು. ಅವ್ವ ಬೆಳಿಗ್ಗೆ ಆಡನ್ನು ಹೊರಗೆ ತಂದು ಹಾಲು ಕರೆಯುವ ಗಳಿಗೆಯಷ್ಟು ಹೊತ್ತೂ ಕುದುರೆ ಒಳಗೆ ಕೂಗುತ್ತಿತ್ತು. "ಲಗೂ ಲಗೂ ಹಿಂಡಿ ತಂದು ಕಟ್ಟು" ಎಂದು ಅಪ್ಪ ಅವ್ವನಿಗೆ ತಾಕೀತು ಮಾಡಿದ್ದ. "ಜೋಡಿ ಹಚ್ಚಿದ ಮ್ಯಾಲ ಬಿಡಿಸಬಾರದು. ಬಿಡಿಸಿದ್ರ ಮದಲಿನಕಿಂತ ಕೆಡತೈತಿ." ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳುವಂತಿಲ್ಲ.

ಸಲೋತ್ರಿ ಸಾಹೇಬರು ಮತ್ತೆ ಬಂದು, ಇನ್ನು ಎಂಟು ದಿನಕ್ಕೆ ಹೊರಗೆ ಬಿಡಬಹುದೆಂದರು. ಗೌಡರು ಅಪ್ಪನ ಬೆನ್ನು ತಟ್ಟಿ ಒಂದು ರುಮಾಲು ಕೊಡಿಸಿದರು. ಅಪ್ಪ ಅದನ್ನು ಸುತ್ತಿಕೊಂಡು ಮೊದಲು ಬಿಜಲಿಗೆ ತೋರಿಸಿದ. ನಮಗೆ ತೋರಿಸಲು ಬರಲಿಲ್ಲ.

ಮರುದಿನ ಮಧ್ಯಾಹ್ನ ಅವನು ಕುಕನೂರಿಗೆ ಎಣ್ಣೆ ತರಲು ಹೋದ. ಅವ್ವ ಹೊಲದಲ್ಲಿದ್ದಳು. ನಾನು ಕೂತಲ್ಲಿಂದಲೇ ತೆವಳಿ ಅಂಗಳ ದಾಟಿ, ಅಡ್ಡಗೋಲಿನ ಕೆಳಗೆ ನುಸುಳಿ ಲಾಯಕ್ಕೆ ಹೋದೆ. ಬಿಜಲಿ ತಲೆ ತಗ್ಗಿಸಿ ನನ್ನ ಕೂದಲು ಮೂಸಿತು. ಅದಕ್ಕೆ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ. ನಾನು ಆಡಿನ ಹಗ್ಗ ಬಿಚ್ಚಿ ಅದನ್ನು ಹೊರಗೆ ದಬ್ಬಿದೆ. ಒಂದು ಗಳಿಗೆ ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕು ಅಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಆದರೆ ಆಡು ಅಂಗಳ ದಾಟಿ ಬೀದಿಗೆ ಓಡಿದಾಗ ನಾನು ಅದನ್ನು ಕರೆಯಲಿಲ್ಲ. ಆ ಕುದುರೆಯೂ ನನ್ನ ಹಾಗೆ ಒಂಟಿಯಾಗಿ ನಿಲ್ಲಲಿ ಎಂಬುದೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ತೆವಳಿ ಬಂದು ಚಾಪೆಯ ಮೇಲೆ ಮಲಗಿದೆ. ಮೊದಲು ಕೂಗು ಕೇಳಿತು. ಆಮೇಲೆ ಸುತ್ತುವ ಸದ್ದು, ಬುಟ್ಟಿ ಉರುಳಿದ ಸದ್ದು. ಆಮೇಲೆ ಗೋಡೆಗೆ ಒದೆತ. ನನ್ನ ತಲೆಯ ಮೇಲೆ ಮಣ್ಣು ಉದುರಿತು. ವಾಡೆಯ ಅಂಗಳದಲ್ಲಿ ನಾಲ್ಕು ಜನ ಗಂಡಸರು ಮಾತಾಡುತ್ತಾ ಕೂತಿದ್ದರು, ನಾನು ಒಂದು ಕೂಗು ಹಾಕಿದ್ದರೆ ಬರುತ್ತಿದ್ದರು. ನಾನು ಹಾಕಲಿಲ್ಲ. ಕೊನೆಗೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಗೋದಲಿಗೂ ಗೋಡೆಗೂ ನಡುವೆ ಹಿಂಗಾಲು ಸಿಕ್ಕಿ ಮುರಿದಿತ್ತು.

ಅಪ್ಪ ಬರುವ ಹೊತ್ತಿಗೆ ಗೌಡರು ಬಂದೂಕು ಹಿಡಿದು ಲಾಯದ ಬಾಗಿಲಲ್ಲಿ ಕಾಯುತ್ತಿದ್ದರು. ಅವನು ಆಗಲೂ ಹತ್ತು ಹೆಜ್ಜೆ ದೂರದಲ್ಲಿ ಕೆಮ್ಮಿದ. ಒಳಗೆ ಹೋಗಿ ಬಿಜಲಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿಸಿ, "ಏನಿಲ್ಲವ್ವಾ, ಏನಿಲ್ಲ" ಎಂದ. ಕುದುರೆಗೆ ಅವನು ಹೇಳಿದ ಸುಳ್ಳು ನನಗೆ ಗೊತ್ತಿರುವಂತೆ ಅದೊಂದೇ.

ಸಂಜೆ ಅವ್ವ ಬಂದಳು. ಅಪ್ಪ ಬಾಗಿಲು ಒದೆಯಲಿಲ್ಲ, ಸುಮ್ಮನೆ ಒಳಗೆ ಬಂದ. ಕೈಯಲ್ಲಿ ಕುದುರೆ ಜೀನಿನ ಚರ್ಮದ ಪಟ್ಟಿ ಇತ್ತು.

"ಆಡು ಕಟ್ಟಿದಾಕಿ ಯಾರು?"

ಅವ್ವ ಅವನನ್ನು ನೋಡಿದಳು. ನನ್ನ ಮೊಣಕೈಗೆ, ಸೀರೆಗೆ ಹತ್ತಿದ್ದ ಲಾಯದ ಹೊಟ್ಟು ನೋಡಿದಳು. ಆಮೇಲೆ, "ನಾನಾ. ಮುಂಜಾನೆ ಗಂಟು ಸಡ್ಲ ಬಿದ್ದಿತ್ತೇನೋ" ಎಂದಳು.

ಅವನು ಹೊಡೆದದ್ದನ್ನು ನಾನು ವಿವರಿಸುವುದಿಲ್ಲ. ಎಲುಬಿಗೆ ಮಾತ್ರ ಹೊಡೆಯಲಿಲ್ಲ. ಅವತ್ತಿನಿಂದ ಅವ್ವನ ಎಡಗಿವಿ ಕೇಳಿಸಲಿಲ್ಲ. ನಾನು ಮೂರು ಮಾರು ದೂರದಲ್ಲಿ ದಬ್ಬೆ ಕಟ್ಟಿದ ಕಾಲು ಚಾಚಿ ಕೂತಿದ್ದೆ, ಬಾಯಿ ಬಿಡಲಿಲ್ಲ. ಆಮೇಲೂ ಅವ್ವ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಂಟುಮೂಟೆ ಕಟ್ಟಿಕೊಂಡು ಕೊಪ್ಪಳದ ಮಗ್ಗುಲ ಭಾಗ್ಯನಗರಕ್ಕೆ ಬಂದೆವು. ನಾನೂ ಅವ್ವನೂ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿ ಹೊಟ್ಟೆ ಹೊರೆದುಕೊಂಡೆವು. ಅಪ್ಪ ಕೊಪ್ಪಳದಲ್ಲಿ ಟಾಂಗಾ ನಿಲ್ಲುವಲ್ಲಿ ಬೇರೆಯವರ ಕುದುರೆಗಳಿಗೆ ನೀರು ಹಾಕುತ್ತಿದ್ದ. ಯಾವ ಕುದುರೆಯನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಐದಾರು ವರ್ಷದಲ್ಲಿ ಅವ್ವ ಹೋದಳು. ಕಡೆಯ ದಿನಗಳಲ್ಲಿ ಅವಳ ಬಲಗಿವಿಯ ಕಡೆ ಕೂತು ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಲಾಗಲಿಲ್ಲ.

ನಿಜಾಮನ ಹೈದರಾಬಾದು ಬಿದ್ದ ವರ್ಷದ ಚಳಿಯಲ್ಲಿ ಅಪ್ಪ ಜ್ವರ ಹಿಡಿದು ಮಲಗಿದ. ಉಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಗಂಜಿ ಕುಡಿಸಿ ಬಾಯಿ ಒರೆಸಿದ ಮೇಲೆ ಹೇಳಿಬಿಟ್ಟೆ.

"ಯಪ್ಪಾ, ಅವತ್ತ ಆಡು ಬಿಚ್ಚಿದಾಕಿ ಅವ್ವ ಅಲ್ಲ. ನಾನು."

ಅವನು ಕಣ್ಣು ತೆರೆಯಲಿಲ್ಲ. "ಗೊತ್ತೈತಿ" ಎಂದ. "ಅವತ್ತ ಗೊತ್ತಿತ್ತು. ನೀ ತೆವಳಿದ ಗುರತು ಲಾಯದ ಧೂಳಿನಾಗ ಹಂಗಾ ಇತ್ತು."

ನನಗೆ ಕೈಯಲ್ಲಿದ್ದ ಬಟ್ಟಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಮತ್ತ ಅವ್ವನ್ನ ಯಾಕ ಹೊಡದಿ?"

"ನಿನ್ನ ಕಾಲು ಇನ್ನೂ ಕೂಡಿದ್ದಿಲ್ಲ. ಕಾಲು ಮುರದ ಜೀವಕ್ಕ ನಾ ಕೈ ಮಾಡಾಂವಲ್ಲ" ಎಂದ. ಗೋಡೆಯ ಕಡೆ ಹೊರಳಿ, "ಯಾರನ್ನರ ಹೊಡೀಬೇಕಾಗಿತ್ತು. ಆಕಿ ಗಟ್ಟಿಯಾಗಿದ್ಲು" ಎಂದ.

ಎರಡು ದಿನ ಬಿಟ್ಟು ಸತ್ತ. ಮಣ್ಣಿಗೆ ಒಯ್ಯುವಾಗ ನಾನು "ಯವ್ವಾ, ಯವ್ವಾ" ಎಂದು ಎದೆ ಬಡಿದುಕೊಂಡು ಅತ್ತೆ. ನಮ್ಮ ಕಡೆ ಯಾರು ಸತ್ತರೂ ಹೆಂಗಸರು ಹಾಗೇ ಅಳುತ್ತಾರೆ, ಬಂದವರು ಯಾರೂ ಏನೂ ಅಂದುಕೊಳ್ಳಲಿಲ್ಲ.