ರಕ್ತದಲ್ಲಿ ಒಂದು ನಿಖರ್ವ

ಅವ್ವನಿಗೆ ಡೆಂಗಿ ಎಂದು ಗೊತ್ತಾದಾಗ ದೇವದುರ್ಗದ ನನ್ನ ಶಾಲೆಗೆ ರಜೆ ಹಾಕಿ, ಅವಳನ್ನು ರಾಯಚೂರಿನ ಆಸ್ಪತ್ರೆಗೆ ಸೇರಿಸಿದೆ. ನಾನು ಗಣಿತ ಕಲಿಸುವವಳು. ಸಂಖ್ಯೆ ಕಂಡು ಹೆದರಿದ ನೆನಪು ಅಲ್ಲಿಯವರೆಗೆ ನನಗಿರಲಿಲ್ಲ.

ಮೊದಲ ವರದಿಯಲ್ಲಿ ಪ್ಲೇಟ್‌ಲೆಟ್ ನಲವತ್ತೆಂಟು ಸಾವಿರವಿತ್ತು. ಅವ್ವ ಗುಂಜಹಳ್ಳಿಯ ಕುರಿಗಾರರ ಮನೆಯಲ್ಲಿ ಹುಟ್ಟಿದವಳು. ಹಿಂಡನ್ನು ಕಣ್ಣಳತೆಯಲ್ಲೇ ತಿಳಿಯುವ ಮಂದಿ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವರ ನಂಬಿಕೆ. ಆದರೂ ಕೇಳಿದಳು, "ಎಷ್ಟದಾವಂತ?"

ಹೇಳಿದೆ.

"ಅಷ್ಟೊಂದು ಅದಾವಲ್ಲ. ನಡಿ, ಮನಿಗೆ ಹೋಗೂಣು."

"ಇಲ್ಲ ಯವ್ವಾ, ಒಂದೂವರಿ ಲಕ್ಷನರ ಇರಬೇಕು."

ಹೇಳಬಾರದಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಊಟ ಒಲ್ಲೆ ಎಂದಳು.

ಮರುದಿನ ಮೂವತ್ತೊಂದು ಸಾವಿರಕ್ಕೆ ಇಳಿಯಿತು. "ಇನ್ನೂ ಇಳಿದ್ರ ಹೊರಗಿಂದ ಹಾಕಬೇಕಾಗ್ತದ, ನೋಡೂಣ," ಎಂದು ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಲೆಕ್ಕಕ್ಕಿಳಿದೆ. ವರದಿಯ ಸಂಖ್ಯೆ ಸಾಸಿವೆ ಕಾಳಿಗಿಂತ ಸಣ್ಣ ಹನಿಯದು. ಮೈಯಲ್ಲಿನ ನಾಲ್ಕೂವರೆ ಲೀಟರ್ ರಕ್ತಕ್ಕೆಲ್ಲ ಎಷ್ಟಾದೀತು? ಮಕ್ಕಳಿಂದ ಬಾಯಿಪಾಠ ಮಾಡಿಸುವ ಹೆಸರುಗಳನ್ನೇ ಹಿಡಿದು ಏರಿದೆ: ಕೋಟಿ, ಅರ್ಬುದ, ಅಬ್ಜ, ಖರ್ವ. ಕೊನೆಗೆ ನಿಖರ್ವವೂ ದಾಟಿತು, ಎಂದರೆ ಹತ್ತು ಸಾವಿರ ಕೋಟಿ. ಅಷ್ಟಿದ್ದೂ ಅವ್ವನಿಗೆ ಸಾಲುತ್ತಿರಲಿಲ್ಲ. ವರ್ಷಗಟ್ಟಲೆ ಆ ಹೆಸರುಗಳನ್ನು ಹಲಗೆಯ ಮೇಲೆ ಬರೆದಿದ್ದೆ. ಅಷ್ಟೆಂದರೆ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆ ಹುಟ್ಟಿದ್ದು ಆ ಬೆಂಚಿನ ಮೇಲೆ.

ಅದರ ಮಾರನೆಯ ದಿನ ಆಸ್ಪತ್ರೆಯ ಯಂತ್ರ ಕೆಟ್ಟು, ರಕ್ತವನ್ನು ಎದುರಿನ ಲ್ಯಾಬಿಗೆ ಕೊಟ್ಟೆವು. ವರದಿ ಫೋನಿಗೆ ಬಂತು. ಮಾನ್ವಿಯಲ್ಲಿರುವ ತಮ್ಮನಿಗೆ ಕಳಿಸಿ, ಆಮೇಲೆ ತೆರೆದು ನೋಡಿದೆ. ಪ್ಲೇಟ್‌ಲೆಟ್ 0.52. ಒಂದು ಕೂಡ ಇಲ್ಲ, ಅರ್ಧ. ರಸ್ತೆ ದಾಟಿ ಲ್ಯಾಬಿನ ಹುಡುಗಿಗೆ ಫೋನು ತೋರಿಸಿ, ನಿನ್ನೆ ಮೂವತ್ತೊಂದು ಸಾವಿರವಿತ್ತು ಎಂದೆ.

"ಲಕ್ಷದ ಲೆಕ್ಕದಾಗ ಬರ್ದೀವ್ರಿ ಮೇಡಂ. ಐವತ್ತೆರಡು ಸಾವಿರ ಅವು. ಏರಾಕತ್ತಾವ, ಹೆದರಬ್ಯಾಡ್ರಿ."

ತಮ್ಮನಿಗೆ ಹೇಳಬೇಕೆಂದರೆ ಅವನ ಫೋನು ಹತ್ತಲಿಲ್ಲ. ಮಧ್ಯಾಹ್ನ ಅವನು ಕಣ್ಣು ಕೆಂಪಗೆ ಮಾಡಿಕೊಂಡು, ಚಿಕ್ಕಪ್ಪನನ್ನೂ ಕರೆದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತ. ಅವ್ವ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

"ಯಕ್ಕಾ, ಒಂದೂ ಉಳಿದಿಲ್ಲಂತ ತಿಳದೆ," ಎಂದ.

"ಯಾರಪಾ ಉಳಿದಿಲ್ಲ?" ಎಂದಳು ಅವ್ವ.

ಅವನು ಅವಳ ಕಾಲ ಬಳಿ ಕೂತುಬಿಟ್ಟ. ಸಂಖ್ಯೆಯ ಮಾತು ನಾನು ಎತ್ತಲಿಲ್ಲ.

ನಾಲ್ಕಾರು ದಿನಕ್ಕೆ ಮನೆಗೆ ಕಳಿಸಿದರು. ತಮ್ಮ ಅವಳನ್ನು ಮಾನ್ವಿಗೆ ಕರೆದೊಯ್ದ. ವಾರ ಬಿಟ್ಟು ಮತ್ತೊಮ್ಮೆ ರಕ್ತ ನೋಡಿಸಿ ಎಂದಿದ್ದರು ಡಾಕ್ಟರು. ಆ ವಾರವೆಲ್ಲ ಅವನ ಫೋನು ಬಂದಾಗ ನಾನು ಮೊದಲು ದನಿ ಹೇಗಿದೆಯೆಂದು ಕೇಳಿಸಿಕೊಳ್ಳುತ್ತಿದ್ದೆ, ಆಮೇಲೆ ಮಾತು.