ಬೂದಿಯ ರಸ್ತೆ ಮತ್ತು ತಣ್ಣೀರಿನ ತೊಟ್ಟಿ

ಕೋವಿಡ್ ಲಾಕ್‌ಡೌನ್‌ಗಳೆಲ್ಲ ಮುಗಿದ ಮೇಲಿನ ಎರಡನೇ ಚಳಿಗಾಲ ಅದು. ಕೇಂದ್ರ ಸರ್ಕಾರದ ಒಂದು ಕಾಮಗಾರಿ ಇಲಾಖೆಯಲ್ಲಿ ನಾನು ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದೆ. ದಕ್ಷಿಣ ದಿಲ್ಲಿಯ ಒಂದು ಸರ್ಕಾರಿ ವಸತಿ ಬಡಾವಣೆ ನನ್ನ ವ್ಯಾಪ್ತಿಗೆ ಬರುತ್ತಿತ್ತು. ಅಲ್ಲಿನ ಹಳೆಯ ಎರಡಂತಸ್ತಿನ ಕ್ವಾರ್ಟರ್ಸ್‌ಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಕಟ್ಟಿ ಆಗಿತ್ತು. ಒಳರಸ್ತೆಗಳು ಬಾಕಿ ಇದ್ದವು. ಅವುಗಳಲ್ಲಿ ಒಂದು ರಸ್ತೆಯನ್ನು ಪ್ರಾಯೋಗಿಕವಾಗಿ ಬೇರೆ ಸಾಮಗ್ರಿಯಿಂದ ಹಾಕಲು ನಾನು ಪ್ರಸ್ತಾವ ಕಳುಹಿಸಿದ್ದೆ. ಮೂರು ಬಾರಿ ವಾಪಸು ಬಂದು ನಾಲ್ಕನೆಯ ಬಾರಿಗೆ ಅದು ಮಂಜೂರಾಯಿತು.

ಕಾಂಕ್ರೀಟ್ ಎಂದರೆ ಸಿಮೆಂಟ್, ಮರಳು, ಜಲ್ಲಿ ಮತ್ತು ನೀರು. ನನ್ನ ಮಿಶ್ರಣದಲ್ಲಿ ಸಿಮೆಂಟಿನ ಒಂದು ಪಾಲಿನ ಬದಲು ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ಇತ್ತು. ಮರಳಿನ ಒಂದು ಪಾಲಿನ ಬದಲು ಅದೇ ಸ್ಥಾವರದ ಕುಲುಮೆಯ ತಳದಲ್ಲಿ ಉಳಿಯುವ ಒರಟು ಬೂದಿ. ಜಲ್ಲಿಯ ಕಾಲು ಭಾಗ, ಕೆಡವಿದ ಅದೇ ಕ್ವಾರ್ಟರ್ಸ್‌ಗಳ ಹಳೆಯ ಕಾಂಕ್ರೀಟನ್ನು ಪುಡಿಮಾಡಿ ತೊಳೆದು ತಂದದ್ದು. ಹಳೆಯ ಕಾಂಕ್ರೀಟಿನ ಜಲ್ಲಿ ನೀರು ಕುಡಿಯುತ್ತದೆ. ಹಾಗಾಗಿ ಅದನ್ನು ಮೊದಲೇ ನೆನೆಸಿಟ್ಟು ಬಳಸಬೇಕು. ತಳದ ಬೂದಿಯನ್ನು ಇಂಥ ರಸ್ತೆಗೆ ಬಳಸಲು ಮಾನಕ ಸಂಹಿತೆಯ ಸಾಮಾನ್ಯ ಅನುಮತಿ ಇರಲಿಲ್ಲ. ಅದಕ್ಕೇ ‘ಪ್ರಾಯೋಗಿಕ’ ಎಂಬ ಪದ. ಪ್ರಯೋಗ ಸೋತರೆ ಮುಂದೆ ಯಾರೂ ಈ ಮಾತೆತ್ತುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನಿವಾಸಿಗಳಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿ ಪದ್ಮನಾಭ ರಾವ್ ನಮ್ಮ ಕನ್ನಡದವರೇ. ಒಂದು ಸಚಿವಾಲಯದಲ್ಲಿ ಅಧೀನ ಕಾರ್ಯದರ್ಶಿ. ಹಳೆಯ ಕ್ವಾರ್ಟರ್ಸ್‌ನಲ್ಲೂ ಇದ್ದವರು, ಈಗ ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಇರುವವರು. ಸೈಟಿನಲ್ಲಿ ನನ್ನನ್ನು ಕಂಡವರೇ ದೂರದಿಂದಲೇ ಶುರುಮಾಡಿದರು.

“ಏನು ವಿಜಯಮ್ಮ, ಊರಿನವರು ಅಂತ ನಮಗೇ ಕಸ ಬಡಿಸ್ತಿದೀರಂತೆ?”

“ಕಸ ಅಲ್ಲ ರಾಯರೇ, ಕಾಂಕ್ರೀಟು.”

“ಬೂದಿ, ಹಳೇ ಗೋಡೆ, ಇನ್ನೇನೇನೋ. ಪಕ್ಕದ ಬ್ಲಾಕಿನವರಿಗೆ ಒಳ್ಳೇ ಪತ್ಥರ್, ನಮಗೆ ಕಚರಾ. ಜಾಯಿಂಟ್ ಸೆಕ್ರೆಟರಿಗಳಿರೋ ಬ್ಲಾಕ್ ಅದು, ನನಗೆ ಅರ್ಥ ಆಗುತ್ತಪ್ಪ.”

ನಗುತ್ತಲೇ ಹೇಳಿದರು. ಆದರೆ ಒಂದು ವಾರದಲ್ಲಿ ಸಂಘದ ಲಿಖಿತ ದೂರು ನನ್ನ ಮೇಲಧಿಕಾರಿಯ ಮೇಜಿನ ಮೇಲಿತ್ತು.

ಹೊಗೆಮಂಜು ದಟ್ಟವಾಗಿ ನಿರ್ಮಾಣ ಕೆಲಸಗಳಿಗೆ ನಿಷೇಧ ಬಿತ್ತು. ದಿಲ್ಲಿಯಲ್ಲಿ ಪ್ರತಿ ಚಳಿಗಾಲದ ಕಥೆ ಇದು. ನಿಷೇಧ ತೆರವಾಗುವಷ್ಟರಲ್ಲಿ ಜನವರಿಯ ಕೊರೆಯುವ ಚಳಿ. ಬೂದಿ ಸೇರಿದ ಕಾಂಕ್ರೀಟ್ ಚಳಿಯಲ್ಲಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಮಾರ್ಚ್‌ವರೆಗೆ ಕಾಯೋಣ ಎಂದು ಕೇಳಿದೆ, ಒಪ್ಪಿಗೆ ಸಿಗಲಿಲ್ಲ. ಆಗ ನೆರವಿಗೆ ಬಂದವರು ನನ್ನ ಕಿರಿಯ ಇಂಜಿನಿಯರ್ ತ್ಯಾಗೀಜಿ. ಕಿರಿಯ ಎಂಬುದು ಹುದ್ದೆಗೆ ಮಾತ್ರ. ನಿವೃತ್ತಿಯ ಅಂಚಿನಲ್ಲಿದ್ದ, ಮೀಸೆಗೆ ಬಣ್ಣ ಹಚ್ಚುವ ಮನುಷ್ಯ. ನೋಯ್ಡಾದಾಚೆಯ ತಮ್ಮ ಊರಿನಿಂದ ಒಂದು ಟ್ರ್ಯಾಕ್ಟರ್ ಭತ್ತದ ಹುಲ್ಲು ತರಿಸಿದರು. ಹಾಕಿದ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪಗೆ ಹುಲ್ಲು, ಮತ್ತೆ ಹಾಳೆ. “ಇದೇ ಪರಾಲಿ ಸುಟ್ಟರೆ ದಿಲ್ಲಿ ಕೆಮ್ಮುತ್ತೆ ಮೇಡಂ ಜೀ, ಹೊದಿಸಿದರೆ ಸಡಕ್ ಮಲಗುತ್ತೆ” ಎಂದರು.

ಯಾವುದೇ ಕಾಂಕ್ರೀಟ್ ಹಾಕುವಾಗ ಅದೇ ಮಿಶ್ರಣದಿಂದ ಕೆಲವು ಘನಾಕೃತಿಗಳನ್ನು ಅಚ್ಚಿನಲ್ಲಿ ಎರೆದು, ಮರುದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ. ಅವಕ್ಕೆ ಕ್ಯೂಬ್ ಎನ್ನುತ್ತೇವೆ. ಇಪ್ಪತ್ತೆಂಟನೆಯ ದಿನ ಯಂತ್ರದಲ್ಲಿಟ್ಟು ಒತ್ತಿ ಮುರಿಯುತ್ತೇವೆ. ನಮ್ಮ ರಸ್ತೆಗೆ ಬೇಕಿದ್ದ ಬಲದ ಅಂಕ ಮೂವತ್ತು. ಬಂದದ್ದು ಇಪ್ಪತ್ಮೂರು.

ಮುಖ್ಯ ಇಂಜಿನಿಯರ್ ಖನ್ನಾ ಸಾಹೇಬರು ಕರೆಸಿದರು. ಒರಟರಲ್ಲ, ಕೂರಿಸಿ ಚಹಾ ಕೊಟ್ಟೇ ಮಾತಾಡುವವರು. ಅವರ ಮುಂದೆ ಎರಡು ಹಾಳೆಗಳಿದ್ದವು. ಒಂದು ರಾಯರ ದೂರು. ಇನ್ನೊಂದು, ನನ್ನ ಹೆಸರಿನಲ್ಲಿ ಟೈಪ್ ಮಾಡಿಟ್ಟಿದ್ದ ಟಿಪ್ಪಣಿ: ಬೂದಿ ಮತ್ತು ಮರುಬಳಕೆ ಜಲ್ಲಿ ರಸ್ತೆ ಕಾಮಗಾರಿಗೆ ಅಯೋಗ್ಯವೆಂದು ಸಾಬೀತಾಗಿದೆ, ರಸ್ತೆಯನ್ನು ಒಡೆದು ಕ್ವಾರಿ ಜಲ್ಲಿಯಿಂದ ಮರುನಿರ್ಮಿಸತಕ್ಕದ್ದು.

“ಸಹಿ ಮಾಡಿ ಬಿಡಿ ಮೇಡಂ. ಎಕ್ಸ್‌ಪೆರಿಮೆಂಟ್ ಥಾ, ಫೇಲ್ ಹೋ ಗಯಾ. ನಿಮ್ಮನ್ನು ಯಾರೂ ಏನೂ ಅನ್ನಲ್ಲ.”

“ರಸ್ತೆ ಫೇಲ್ ಆಗಿದೆಯಾ ಅಂತ ಇನ್ನೂ ನೋಡಿಲ್ಲ ಸರ್. ಕ್ಯೂಬ್ ಫೇಲ್ ಆಗಿದೆ.”

“ಎರಡೂ ಒಂದೇ ಅಲ್ಲವೇ?”

ಸಾಮಾನ್ಯವಾಗಿ ಎರಡೂ ಒಂದೇ. ಅದನ್ನು ನಾನು ಅಲ್ಲಗಳೆಯಲಿಲ್ಲ. ಒಂದು ದಿನ ಸಮಯ ಕೇಳಿಕೊಂಡು ನೇರ ಸೈಟಿಗೆ ಹೋದೆ.

ಮಿಶ್ರಣದ ಅಳತೆ, ನೆನೆಸಿಟ್ಟ ಜಲ್ಲಿ, ನೀರಿನ ಪ್ರಮಾಣ, ಎಲ್ಲ ಮತ್ತೊಮ್ಮೆ ಪರಿಶೀಲಿಸಿದೆ. ಲೋಪ ಸಿಗಲಿಲ್ಲ. ಕೊನೆಗೆ, ಉಳಿದ ಕ್ಯೂಬ್‌ಗಳನ್ನು ನೋಡೋಣ ಎಂದೆ. ತ್ಯಾಗೀಜಿ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದವರು ಬಾಯಿಗೆ ಬಂದ ಬೈಗುಳವನ್ನು ನನ್ನ ಮುಖ ನೋಡಿ ಅರ್ಧಕ್ಕೇ ನುಂಗಿದರು. “ಬರಫ್ ಹೈ ಮೇಡಂ ಜೀ, ಬರಫ್!”

ಗೋಡೆಯ ನೆರಳಿನಲ್ಲಿ, ಬಯಲಲ್ಲಿಟ್ಟ ತಗಡಿನ ತೊಟ್ಟಿ. ನಾನೂ ಕೈ ಅದ್ದಿದೆ. ಬೆರಳು ಮರಗಟ್ಟಿತು. ಥರ್ಮಾಮೀಟರ್ ತರಿಸಿ ಇಳಿಬಿಟ್ಟರೆ ಹನ್ನೊಂದು ಡಿಗ್ರಿ. ಕ್ಯೂಬ್‌ಗಳನ್ನಿಡುವ ನೀರು ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿರಬೇಕು ಎನ್ನುತ್ತದೆ ಸಂಹಿತೆ.

“ತ್ಯಾಗೀಜಿ, ಯಾವಾಗಲೂ ಹೀಗೇ ಇಡೋದಾ?”

“ನಾನು ನೌಕರಿಗೆ ಸೇರಿದಾಗಿಂದ. ಎಲ್ಲ ಸೈಟಲ್ಲೂ ಹೀಗೇ. ನೀರಲ್ಲಿ ಮುಳುಗಿದ್ದರೆ ಸಾಕು ಅಂತ. ನೀರಿಗೂ ಜ್ವರ ನೋಡಬೇಕು ಅಂತ ಯಾರೂ ಹೇಳಲಿಲ್ಲ.”

ಅವರು ಹೇಳಿದ್ದು ನಿಜ. ಮಾಮೂಲಿ ಮಿಶ್ರಣದಲ್ಲಿ ಗುತ್ತಿಗೆದಾರರು ಭಯಕ್ಕೆ ಸಿಮೆಂಟನ್ನು ಹೆಚ್ಚೇ ಸುರಿಯುತ್ತಾರೆ. ತಣ್ಣೀರಲ್ಲಿಟ್ಟರೂ ಕ್ಯೂಬ್ ಹೇಗೋ ಪಾಸಾಗುತ್ತದೆ, ತೊಟ್ಟಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಬೂದಿಯ ಮಿಶ್ರಣಕ್ಕೆ ಆ ರಿಯಾಯಿತಿ ಇಲ್ಲ. ನಮ್ಮ ರಸ್ತೆ ಹುಲ್ಲಿನ ಕೆಳಗೆ, ಗಟ್ಟಿಯಾಗುವಾಗ ಹುಟ್ಟುವ ತನ್ನದೇ ಶಾಖದಲ್ಲಿ ಬೆಚ್ಚಗಿದ್ದಾಗ ಅದರ ಕ್ಯೂಬ್‌ಗಳು ಹಿಮದಂಥ ನೀರಿನಲ್ಲಿ ಬಿದ್ದಿದ್ದವು. ಇದು ನನ್ನ ಊಹೆ. ಸಾಬೀತು ಮಾಡಲು ಒಂದೇ ದಾರಿ: ರಸ್ತೆಯಿಂದಲೇ ಉರುಳೆಯಾಕಾರದ ತುಂಡುಗಳನ್ನು ಕೊರೆದು ತೆಗೆದು ಒತ್ತಿ ನೋಡಬೇಕು. ಅವನ್ನು ಕೋರ್ ಎನ್ನುತ್ತಾರೆ.

ಮರುದಿನ ಖನ್ನಾ ಸಾಹೇಬರಿಗೆ ತೊಟ್ಟಿಯ ವಿಷಯ ಹೇಳಿದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು.

“ಇದನ್ನು ಫೈಲಿನಲ್ಲಿ ಬರೀಬೇಡಿ.”

“ಯಾಕೆ ಸರ್?”

“ಈ ಚಳಿಗಾಲದಲ್ಲಿ ನಮ್ಮ ಎಷ್ಟು ಸೈಟು ನಡೀತಿದೆ ಗೊತ್ತಲ್ಲ? ಎಲ್ಲ ಕಡೆ ಅದೇ ತೊಟ್ಟಿ. ತೊಟ್ಟಿ ತಪ್ಪು ಅಂದರೆ ಆ ಎಲ್ಲ ರಿಪೋರ್ಟುಗಳೂ ತಪ್ಪು. ನಾಳೆ ಆಡಿಟ್ ಬರುತ್ತೆ. ಒಂದು ಗಲ್ಲಿ ಒಡೆಯೋದು ಸುಲಭ ಮೇಡಂ.”

ಆಗ ನನಗೆ ಸ್ಪಷ್ಟವಾಯಿತು. ಬೂದಿಯನ್ನು ಅಪರಾಧಿ ಮಾಡಿದರೆ ಉಳಿದವರೆಲ್ಲ ನಿರಾಳ. ಬೂದಿಗೆ ಬಾಯಿಲ್ಲ, ಮೇಲ್ಮನವಿ ಸಲ್ಲಿಸುವುದಿಲ್ಲ. ಗಟ್ಟಿಯಾಗಿರಬಹುದಾದ ಒಂದು ರಸ್ತೆಯನ್ನು ಒಡೆದು, ಅದರ ಅವಶೇಷವನ್ನು ಮತ್ತೆ ಹೊರಗೆ ಸುರಿದು, ಅರಾವಳಿಯ ಕಡೆಯಿಂದ ಹೊಸ ಕಲ್ಲು ತರಿಸಿ, ಇದಕ್ಕೆಲ್ಲ ಕಾರಣ ‘ಅಯೋಗ್ಯ ಸಾಮಗ್ರಿ’ ಎಂದು ನನ್ನ ಸಹಿಯಲ್ಲಿ ದಾಖಲಾಗಬೇಕಿತ್ತು.

“ನಾನು ಸಹಿ ಮಾಡಲ್ಲ ಸರ್,” ಎಂದೆ. “ಕೋರ್ ತೆಗೆಸಿ. ಎಲ್ಲಿ ಕೊರೀಬೇಕು ಅಂತ ನೀವೇ ಗುರುತು ಹಾಕಿ. ಪರೀಕ್ಷೆ ಹೊರಗಿನ ಲ್ಯಾಬಿನಲ್ಲಿ ಆಗಲಿ. ಅದು ಫೇಲ್ ಆದರೆ ಇದೇ ಟಿಪ್ಪಣಿಗೆ ಒಂದಕ್ಷರ ಬದಲಿಸದೆ ಸಹಿ ಹಾಕ್ತೀನಿ.”

“ನಿಮ್ಮ ಬಡ್ತಿಯ ಫೈಲು ಇದೇ ಕಚೇರಿಯಿಂದ ಹೋಗಬೇಕು, ನೆನಪಿದೆಯಾ?”

“ಇದೆ ಸರ್.”

ಅವರು ಟಿಪ್ಪಣಿಯನ್ನು ಫೈಲಿನೊಳಗೆ ಸೇರಿಸಿ, “ಠೀಕ್ ಹೈ, ಚಲೋ. ಗುರುತು ನಾನೇ ಹಾಕ್ತೀನಿ,” ಎಂದರು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವರೇ ಸೀಮೆಸುಣ್ಣ ಹಿಡಿದು ಬಂದರು. ಕಸದ ಲಾರಿ ಹೊರಳುವ ತಿರುವಿನಲ್ಲಿ ಒಂದು ಗುರುತು, ಅತಿ ಹೆಚ್ಚು ಚಳಿಯಿದ್ದ ದಿನ ಹಾಕಿದ ಭಾಗದಲ್ಲಿ ಒಂದು, ನಡುವೆ ಒಂದು. ನ್ಯಾಯವಾಗಿಯೇ ಆಯ್ದಿದ್ದರು, ನಾನು ಆಕ್ಷೇಪಿಸಲಿಲ್ಲ. ಕೊರೆಯುವ ಯಂತ್ರದ ಸದ್ದಿಗೆ ಬಾಲ್ಕನಿಗಳಲ್ಲಿ ಜನ ನಿಂತರು. ರಾಯರು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೇ ಬಂದರು.

“ಒಡೆಯೋದು ಶುರುವಾಯ್ತಾ ವಿಜಯಮ್ಮ?”

“ಇಲ್ಲ ರಾಯರೇ. ರಕ್ತಪರೀಕ್ಷೆ ಅಂದುಕೊಳ್ಳಿ.”

ಮೊದಲ ಕೋರ್ ಹೊರಬಂತು. ತೊಳೆದು ನೆಲದ ಮೇಲಿಟ್ಟೆವು. ಬೂದುಬಣ್ಣದ ನಯವಾದ ಮೈಯಲ್ಲಿ ಕಲ್ಲುಗಳ ನಡುವೆ ಹೆಬ್ಬೆರಳಿನಷ್ಟು ಒಂದು ಚೂರು, ಹಸಿರು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆ. ರಾಯರು ಕುಕ್ಕುರುಗಾಲಿನಲ್ಲಿ ಕೂತು ಕನ್ನಡಕ ಏರಿಸಿದರು.

“ಇದು ಮೊಸಾಯಿಕ್ ಅಲ್ವೇನ್ರೀ? ನಮ್ಮ ಹಳೇ ಕ್ವಾರ್ಟರ್ಸಿನ ಅಡುಗೆಮನೇದು. ಹಸಿರು ನೆಲ ಅಂತ ನಮ್ಮನೇಯವಳು ಇಪ್ಪತ್ತು ವರ್ಷ ಗೊಣಗಿದಳು.”

“ಆ ಸಾಲಿನ ಎಲ್ಲ ಮನೆಗೂ ಅದೇ ನೆಲ ಇತ್ತಲ್ಲ ರಾಯರೇ.”

“ಇರಲಿ ಬಿಡಿ, ನಮ್ಮದೇ ಅಂದುಕೋತೀನಿ.” ಬೆರಳಿನಿಂದ ಆ ಚೂರನ್ನು ಕೀಳಲು ನೋಡಿದರು. ಅದು ಅಲುಗಲಿಲ್ಲ. ತ್ಯಾಗೀಜಿಯ ಕೈಯಿಂದ ಮೊಳೆ ಇಸಿದುಕೊಂಡು ಮೀಟಿದರು. ಆಗಲೂ ಅಲುಗಲಿಲ್ಲ. ಎದ್ದು ನಿಂತು ಕೈ ಕೊಡವಿಕೊಂಡರು. “ಗಟ್ಟಿ ಇದೆ. ಆದರೂ ದೂರು ವಾಪಸು ತಗೊಳ್ಳಲ್ಲ. ರಿಪೋರ್ಟ್ ಬರಲಿ.”

“ತಗೋಬೇಡಿ. ನಾನೂ ಅದನ್ನೇ ಹೇಳ್ತೀನಿ.”

ಧೈರ್ಯವಾಗಿ ಹಾಗೆ ಹೇಳಿದೆನಾದರೂ ನನಗೆ ಖಾತರಿ ಇರಲಿಲ್ಲ. ವರದಿ ನೋಯ್ಡಾದ ಲ್ಯಾಬಿನಿಂದ ಬರುವವರೆಗೂ ಕಿದ್ವಾಯಿ ನಗರದ ನನ್ನ ಮನೆಯಲ್ಲಿ ಯಾರೂ ನನ್ನೊಡನೆ ಹೆಚ್ಚು ಮಾತಾಡಲಿಲ್ಲ, ಮಾತಾಡಿದರೆ ಸಿಡುಕುತ್ತಿದ್ದೆನಂತೆ.

ಕೊರೆದು ತೆಗೆದ ಕೋರ್, ಬೇಕಾದ ಬಲದ ಶೇಕಡಾ ಎಂಬತ್ತೈದರಷ್ಟು ತೋರಿದರೆ ಸಂಹಿತೆ ಅದನ್ನು ಒಪ್ಪುತ್ತದೆ. ನಮ್ಮ ಮೂರರ ಸರಾಸರಿ ಮೂವತ್ತೊಂದನ್ನು ದಾಟಿತ್ತು. ರಿಯಾಯಿತಿ ಬೇಕಾಗಲೇ ಇಲ್ಲ. ಕಸದ ಲಾರಿಯ ತಿರುವಿನದೇ ಎಲ್ಲಕ್ಕಿಂತ ಗಟ್ಟಿ.

ಖನ್ನಾ ಸಾಹೇಬರು ವರದಿಯನ್ನೂ ಅದರ ಜೊತೆ ನಾನು ಬರೆದಿಟ್ಟ ಹೊಸ ಟಿಪ್ಪಣಿಯನ್ನೂ ಓದಿ, ಫಲಿತಾಂಶವನ್ನು ತಕ್ಷಣ ಒಪ್ಪಿಕೊಂಡರು. “ಮುಬಾರಕ್ ಹೋ. ರಸ್ತೆ ಉಳೀತು. ಈಗ ನಿಮ್ಮ ಟಿಪ್ಪಣಿಯ ಎರಡನೇ ಪ್ಯಾರಾ ತೆಗೆದುಹಾಕಿ. ಕೋರ್ ಪಾಸ್ ಅಂತ ಮಾತ್ರ ಇರಲಿ.”

ಎರಡನೇ ಪ್ಯಾರಾದಲ್ಲಿ ಇದ್ದದ್ದು ತೊಟ್ಟಿಯ ತಾಪಮಾನ. ಅದಿಲ್ಲದಿದ್ದರೆ ಕ್ಯೂಬ್ ಏಕೆ ಸೋತಿತೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮುಂದೆ ಫೈಲು ತೆರೆದವರು ‘ಬೂದಿಯ ಕಾಂಕ್ರೀಟ್ ಕ್ಯೂಬಿನಲ್ಲಿ ಸೋತು, ಅದೃಷ್ಟದಿಂದ ಕೋರಿನಲ್ಲಿ ಗೆದ್ದದ್ದು’ ಎಂದು ಓದಿಕೊಳ್ಳುತ್ತಾರೆ. ಎರಡನೆಯ ಬಾರಿ ಯಾರೂ ಆ ಸಾಹಸ ಮಾಡುವುದಿಲ್ಲ.

“ಆ ಪ್ಯಾರಾ ಇದ್ದರೆ ನನ್ನ ಸಹಿ ಇರುತ್ತೆ ಸರ್. ತೆಗೆಯೋದಾದರೆ ಕೆಳಗೆ ನೀವು ಸಹಿ ಮಾಡಬೇಕಾಗುತ್ತೆ.”

ಅವರು ಮಾಡಲಿಲ್ಲ. ಅಂಚಿನಲ್ಲಿ ‘ಅನಗತ್ಯ ವಿವರ’ ಎಂದು ಬರೆದು ಫೈಲನ್ನು ಮೇಲಕ್ಕೆ ಕಳುಹಿಸಿದರು. ಪ್ಯಾರಾ ಉಳಿಯಿತು. ಮೇ ತಿಂಗಳಲ್ಲಿ ನನ್ನನ್ನು ನಕ್ಷೆಗಳ ಘಟಕಕ್ಕೆ ವರ್ಗ ಮಾಡಿದರು. ಬಡ್ತಿ ಬರಲಿಲ್ಲ; ಅದೇ ಹುದ್ದೆಯಿಂದ ನಿವೃತ್ತಳಾದೆ. ಬೂದಿಯ ಎರಡನೇ ರಸ್ತೆಯ ಪ್ರಸ್ತಾವ ನಾನು ಹೊರಡುವವರೆಗೂ ‘ಪರಿಶೀಲನೆಯಲ್ಲಿ’ ಇತ್ತು. ಆದರೆ ವರ್ಗವಾದ ವರ್ಷದ ಡಿಸೆಂಬರಿನಲ್ಲಿ ತ್ಯಾಗೀಜಿ ಫೋನ್ ಮಾಡಿದ್ದರು. ಯಾವ ಆದೇಶವೂ ಇಲ್ಲದೆ, ಒಂದರ ಹಿಂದೊಂದು ಸೈಟುಗಳಲ್ಲಿ ತೊಟ್ಟಿಗಳನ್ನು ಕೋಣೆಯೊಳಗೆ ಸಾಗಿಸಿ ಹೀಟರ್ ಹಾಕುತ್ತಿದ್ದಾರಂತೆ. “ಮೇಡಂ ಜೀ, ನಮಗೆ ಸ್ನಾನಕ್ಕೆ ತಣ್ಣೀರು, ಕ್ಯೂಬ್ ಸಾಹೇಬರಿಗೆ ಗರಮ್ ಪಾನಿ!”

ಮೂರು ದಶಕದ ನೌಕರಿಯಲ್ಲಿ ಎಷ್ಟೋ ಕಡೆ ಸಹಿ ಹಾಕಿದ್ದೇನೆ. ಅವುಗಳಲ್ಲಿ ಹೆಚ್ಚಿನವು ನೆನಪಿಲ್ಲ. ಹಾಕದೆ ಬಿಟ್ಟ ಈ ಒಂದು ಸಹಿಯ ಬಗ್ಗೆ ಮಾತ್ರ ಇಂದಿಗೂ ಕೇಳುವವರಿದ್ದಾರೆ: ಪಶ್ಚಾತ್ತಾಪ ಇಲ್ಲವೇ ಎಂದು. ಇಲ್ಲ. ಯಾವುದೇ ವಸ್ತುವನ್ನು ಅಯೋಗ್ಯ ಎಂದು ಬರೆಯುವ ಮುನ್ನ, ಅದನ್ನು ಅಳೆದ ರೀತಿ ಯೋಗ್ಯವಾಗಿತ್ತೇ ಎಂದು ನೋಡುವುದು ಇಂಜಿನಿಯರನ ಕೆಲಸ. ನೋಡಿದ ಮೇಲೆ, ಕಂಡದ್ದನ್ನು ಬರೆಯುವುದೂ ಅದೇ ಕೆಲಸದ ಭಾಗ. ಅದಕ್ಕೆ ಅನುಮತಿ ಕೇಳಬೇಕಿಲ್ಲ.